ಕಾರಿನೊಳಗಿನ ಕುಂಯ್

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದಲ್ಲ. ತಪ್ಪೆಲ್ಲ ನನ್ನದೇ ಎಂದು ಮನೆಯ ಮೂರು ಮಂದಿಯೂ ಊರಿನಲ್ಲಿ ರೇಡಿಯೋ ಕೇಳುವ ಅಷ್ಟೂ ಮಂದಿಯೂ ಆಗಲೇ ತೀರ್ಪು ಕೊಟ್ಟಾಗಿದೆ. ನೀವಾದರೂ ನನ್ನ ಕಡೆಯದನ್ನು ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಅವರ ಪಕ್ಷ ಸೇರಿಕೊಳ್ಳಿ.

ನನ್ನ ಹೆಂಡತಿ ಕಲೆಯಲ್ಲಿ ಪರಿಣತೆ. ಹೀಗೆಂದ ಕೂಡಲೇ ಆಕೆ ಕುಂಚ ಹಿಡಿಯುತ್ತಾಳೆ, ಗೆಜ್ಜೆ ಕಟ್ಟುತ್ತಾಳೆ ಎಂದೆಲ್ಲ ನೀವು ಊಹಿಸಿಕೊಂಡರೆ ತಪ್ಪು ನಿಮ್ಮದಲ್ಲ, ಭಾಷೆಯದು. ಆಕೆ ನಡೆಸುವುದು ಲಾಂಡ್ರಿ. ಶಾಯಿ ಕಲೆ, ಎಣ್ಣೆ ಕಲೆ, ತುಕ್ಕಿನ ಕಲೆ, ಹುಲ್ಲಿನ ಕಲೆ, ಯಾವುದನ್ನು ತಂದರೂ ಸರಿ, ಬಟ್ಟೆಯನ್ನು ಬೆಳಕಿಗೆ ಹಿಡಿದು, ಒಮ್ಮೆ ಮೂಸಿ, "ಇದು ಆಗಿದ್ದು ಬುಧವಾರ. ಒದ್ದೆ ಕರ್ಚೀಫಲ್ಲಿ ಉಜ್ಜಿದ್ದೀರಿ. ಇಲ್ಲ ಅನ್ಬೇಡಿ" ಎಂದು ಗಿರಾಕಿಯ ಬಾಯಿ ಮುಚ್ಚಿಸುವಷ್ಟು ಜ್ಞಾನ. (ಇಂಥವಳ ಜೊತೆ ಇಪ್ಪತ್ತೆರಡು ವರ್ಷ ಬಾಳಿದವನ ಚರಿತ್ರೆ ಎಷ್ಟು ನಿಷ್ಕಳಂಕವಾಗಿರಬೇಕು, ನೀವೇ ಯೋಚಿಸಿ.)

ಈ ಖ್ಯಾತಿ ನಮ್ಮೂರಿನ ರೇಡಿಯೋ ಸ್ಟೇಷನ್ನಿಗೂ ಮುಟ್ಟಿತು. ಅಲ್ಲಿಯ ನಿರೂಪಕಿ ತನ್ನ ಬಿಳಿ ಕೋಟಿನ ಮೇಲೆ ಚೆಲ್ಲಿಕೊಂಡಿದ್ದ ಕಾಫಿಯನ್ನು ನನ್ನಾಕೆ ಮಂಗಮಾಯ ಮಾಡಿಕೊಟ್ಟದ್ದೇ ನೆಪ. ಮುಂದಿನ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಅರ್ಧ ಗಂಟೆಯ ನೇರಪ್ರಸಾರ. ಕೇಳುಗರು ಫೋನ್ ಮಾಡಿ ತಮ್ಮ ಬಟ್ಟೆಯ ಕಷ್ಟ ಹೇಳಿಕೊಳ್ಳಬೇಕು, ಈಕೆ ಪರಿಹಾರ ಹೇಳಬೇಕು.

ಅಂಗಡಿಯ ಕೌಂಟರಿನ ಹಿಂದೆ ಹುಲಿಯಂತಿರುವ ಹೆಂಗಸು, ಈ ಸುದ್ದಿ ಬಂದ ಗಳಿಗೆಯಿಂದ ಬೆಕ್ಕಿನಂತಾದಳು.

"ರೀ, ಯಾರೂ ಫೋನೇ ಮಾಡದಿದ್ರೆ?"

"ಯಾಕೆ ಮಾಡಲ್ಲ? ಊರಲ್ಲಿ ಎಲ್ರೂ ಬಟ್ಟೆ ಹಾಕ್ಕೋತಾರೆ."

"ಹಾಕ್ಕೊಂಡ್ರೆ? ಫೋನ್ ಮಾಡ್ಬೇಕಲ್ಲ? ಅರ್ಧ ಗಂಟೆ ಸುಮ್ನೆ ಮೈಕ್ ಮುಂದೆ ಕೂತಿದ್ರೆ ನನ್ನ ಮುಖ ಎಲ್ಲಿಟ್ಕೊಳ್ಲಿ?"

"ರೇಡಿಯೋದಲ್ಲಿ ಮುಖ ಕಾಣಲ್ಲ ಕಣೇ."

ಈ ಸಮಾಧಾನದಿಂದ ಆಕೆಗೆ ಸಮಾಧಾನವಾಗಲಿಲ್ಲ. ಹಾಗಾಗಿ ನಾನು ಮಾತು ಬಿಟ್ಟು ಕಾರ್ಯಕ್ಕೆ ಇಳಿಯಲು ನಿರ್ಧರಿಸಿದೆ. ಅನಾಹುತ ಶುರುವಾದದ್ದು ಇಲ್ಲಿಂದ.

ನಮ್ಮ ಮನೆಯಲ್ಲಿ ರೇಡಿಯೋ ಇರುವುದು ಕಾರಿನಲ್ಲಿ ಮಾತ್ರ. ಹಳೆಯ ಸ್ಟೀರಿಯೋ, ಎರಡು ತಿರುಗಣೆ, ನಾಲ್ಕು ಗುಂಡಿ. ಒಂದು ತಿರುಗಿಸಿದರೆ ಸದ್ದು ಹೆಚ್ಚು, ಇನ್ನೊಂದು ತಿರುಗಿಸಿದರೆ ಸ್ಟೇಷನ್ನು. ಕಾರು ಕೊಂಡ ದಿನದಿಂದ ಒಂದು ದಿನವೂ ಕೆಮ್ಮಿದ್ದಿಲ್ಲ. ಆದರೆ ನಾನು ಮಾಮೂಲಿ ಮನುಷ್ಯನಲ್ಲ. ಕಿವಿ ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷೆ ಮಾಡುವವನು. ಸದ್ದು ಹೊರಗೆ ಹೋಗದ ಗೂಡಿನಂಥ ಕೋಣೆಯಲ್ಲಿ ಜನರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, 'ಪೀಂ' ಎನ್ನಿಸಿ, ಕೇಳಿದಾಗ ಬೆರಳೆತ್ತಿ ಎನ್ನುವುದು ನನ್ನ ಉದ್ಯೋಗ. ಸದ್ದಿನ ಸೂಕ್ಷ್ಮ ತಿಳಿದ ನನ್ನಂಥವನು, ಹೆಂಡತಿಯ ಮೊಟ್ಟಮೊದಲ ಬಾನುಲಿ ಭಾಷಣವನ್ನು ಆ ಎರಡು ತಿರುಗಣೆಯ ಡಬ್ಬಿಯಲ್ಲಿ ಕೇಳುವುದೇ?

"ಇರೋದು ಚೆನ್ನಾಗೇ ಇದೆಯಲ್ರೀ," ಎಂದಳು ಆಕೆ.

"ಅದ್ರಲ್ಲಿ ನಿನ್ನ ದನಿ ಬಾವಿಯೊಳಗಿಂದ ಬಂದಹಾಗೆ ಬರುತ್ತೆ."

"ಬಾವಿಯೊಳಗಿಂದಾದ್ರೂ ಬರುತ್ತಲ್ಲ. ನೀವು ಕೈ ಹಾಕಿದ್ರೆ ಬಾವಿನೂ ಇರಲ್ಲ."

ಇಂಥ ಮಾತಿಗೆಲ್ಲ ಧೃತಿಗೆಡುವವನಲ್ಲ ನಾನು. ಕಾರ್ಯಕ್ರಮಕ್ಕೆ ಇನ್ನೂ ಎಂಟು ದಿನ ಇರುವಾಗಲೇ, ಶನಿವಾರ ಮಧ್ಯಾಹ್ನ ಕಾರನ್ನು ಸ್ಟೀರಿಯೋ ಅಂಗಡಿಗೆ ಒಯ್ದೆ. ಅಂಗಡಿಯವನ ಹಲ್ಲುಗಳ ನಡುವೆ ಸದಾ ಒಂದು ಸ್ಕ್ರೂಡ್ರೈವರ್ ಅಡ್ಡ ಇರುತ್ತದೆ. ಹೀಗಾಗಿ ಆತ ಹೇಳುವುದರಲ್ಲಿ ಅರ್ಧ ಮಾತ್ರ ನಮಗೆ ಸಿಗುತ್ತದೆ. ಇಪ್ಪತ್ತೇ ನಿಮಿಷದಲ್ಲಿ ಹಳೆಯದನ್ನು ಕಿತ್ತು, ಅಂಗೈಯೆರಡು ಸೇರಿಸಿದಷ್ಟು ಅಗಲದ ಪರದೆಯುಳ್ಳ ಮಹಾಯಂತ್ರವನ್ನು ಕೂರಿಸಿಬಿಟ್ಟ. ಸೀಟಿನ ಮೇಲೆ ಒಂದು ನೀಲಿ ವೈರು, ಎರಡು ವಾಷರು ಉಳಿದಿದ್ದವು.

"ಇದೇನಪ್ಪಾ, ಉಳೀತಲ್ಲ?"

"ಅದು ಎಲ್ಲಾ ಕಾರಿಗೂ ಉಳಿಯುತ್ತೆ ಸಾರ್," ಎಂದು ಹೇಳಿ, ಜೊತೆಗೆ ಫೋನ್ ಚಾರ್ಜ್ ಮಾಡುವ ಒಂದು ಪುಟ್ಟ ಸಾಧನವನ್ನು ಉಚಿತವಾಗಿ ಕೊಟ್ಟ. ಸಿಗರೇಟ್ ಹಚ್ಚುವ ತೂತಿಗೆ ಸಿಕ್ಕಿಸಿದರೆ ನೀಲಿ ದೀಪ ಹತ್ತುತ್ತಿತ್ತು. ಉಚಿತವಾದ್ದರಿಂದ ತಕ್ಷಣ ಸಿಕ್ಕಿಸಿ, ಫೋನನ್ನೂ ಚಾರ್ಜಿಗೆ ಹಾಕಿದೆ.

ದಾರಿಯುದ್ದಕ್ಕೂ ಫೋನಿನೊಳಗಿನ ಹಾಡು ಹಾಕಿಕೊಂಡು ಬಂದೆ. ಅದೇನು ಸ್ಪಷ್ಟತೆ, ಅದೇನು ಗಾಂಭೀರ್ಯ! ಬಾಗಿಲಲ್ಲೇ ಹೆಂಡತಿಯನ್ನು ಕರೆದು ಕಾರಿನಲ್ಲಿ ಕೂರಿಸಿಕೊಂಡು, "ಈಗ ಕೇಳು ರೇಡಿಯೋ" ಎಂದು ಪರದೆಯನ್ನು ಮುಟ್ಟಿ ಹೊರಟೆ.

ರೇಡಿಯೋ ಹಾಡಲಿಲ್ಲ. 'ಖರ್ರ್' ಎಂದು ಗಂಟಲು ಕೆರೆದುಕೊಂಡಿತು. ಅದರ ಹಿಂದೆಯೇ, ನಾಯಿಮರಿಯ ಬಾಲದ ಮೇಲೆ ಕಾಲಿಟ್ಟಂತೆ, 'ಕುಂಯ್' ಎಂದಿತು. ನಾನು ಕಾರಿನ ವೇಗ ಹೆಚ್ಚಿಸಿದೆ. 'ಕುಂಯ್' ಎಂಬುದು 'ಕೂಂ... ಯ್ಯ್ಯ್' ಎಂದು ಏರಿತು. ನಿಧಾನ ಮಾಡಿದೆ, ಇಳಿಯಿತು. ಮತ್ತೆ ಏರಿಸಿದೆ, ಮತ್ತೆ ಏರಿತು. ಎರಡರ ನಡುವೆ ಎಲ್ಲೋ ದೂರದಲ್ಲಿ ಒಬ್ಬ ಹೆಂಗಸು ಹವಾಮಾನ ಹೇಳುತ್ತಿದ್ದಳು.

"ಇದೇನ್ರೀ, ನೀವು ಜೋರಾಗಿ ಓಡಿಸಿದ್ರೆ ಬೈಯುತ್ತೆ?" ಎಂದಳು ನನ್ನಾಕೆ. ಸ್ವಲ್ಪ ಹೊತ್ತು ಕೇಳಿ, "ಇದೊಂದು ಗುಣ ಚೆನ್ನಾಗಿದೆ" ಎಂದೂ ಸೇರಿಸಿದಳು.

ಸೋಮವಾರ ಆಸ್ಪತ್ರೆ ಮುಗಿಸಿ ಅಂಗಡಿಗೆ ಓಡಿದೆ. ಅವನು ಎಂಜಿನ್ ಆರಿಸಿ, ಕೀಲಿ ಅರ್ಧ ತಿರುಗಿಸಿ, ರೇಡಿಯೋ ಹಾಕಿದ. ನಾನು ನನ್ನ ಫೋನು ಕೈಯಲ್ಲಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಕುಂಯ್ ಇಲ್ಲ, ಖರ್ರ್ ಇಲ್ಲ! ಡಾಕ್ಟರ ಮುಂದೆ ಕೂತ ಕೂಡಲೇ ಮಾಯವಾಗುವ ಹೊಟ್ಟೆನೋವಿನ ಹಾಗೆ ಎಲ್ಲವೂ ಗುಣ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಚೆನ್ನಾಗೇ ಬರ್ತಿದೆಯಲ್ಲ ಸಾರ್. ನೀವೊಂದ್ಸಲ ಕಿವಿ ತೋರಿಸ್ಕೊಳ್ಳಿ."

ನನಗೆ! ಊರಿನವರ ಕಿವಿ ನೋಡುವ ನನಗೆ! ನಾನು ಸಿಟ್ಟಿನಿಂದ ಎಂಜಿನ್ ಚಾಲೂ ಮಾಡಿದೆ. 'ಕುಂಯ್.' ಅವನ ಮುಖ ಗಂಭೀರವಾಯಿತು. ಸ್ಕ್ರೂಡ್ರೈವರನ್ನು ಈ ಕಡೆಯ ಹಲ್ಲಿನಿಂದ ಆ ಕಡೆಯ ಹಲ್ಲಿಗೆ ದಾಟಿಸಿ, "ಅರ್ಥ್ ಸರಿ ಇಲ್ಲ" ಎಂದ.

"ಏನರ್ಥ?"

"ಅರ್ಥ್ ಸಾರ್."

"ಅದೇ, ಏನರ್ಥ ಅಂತ ಕೇಳಿದ್ದು."

"ಅರ್ಥ್ ಸಾರ್, ಅರ್ಥ್! ಕಪ್ಪು ವೈರು. ಕಾರಿನ ಬಾಡಿಗೆ ತಾಗ್ಬೇಕು. ಸರಿಯಾಗಿ ತಾಗದಿದ್ರೆ ಅರ್ಥ್ ಆಗಲ್ಲ."

ಆಗಲೇ ಇಲ್ಲ. ಆ ವಾರವಿಡೀ ನನಗೆ ಅರ್ಥವೂ ಆಗಲಿಲ್ಲ, ಅರ್ಥ್ ಕೂಡ ಆಗಲಿಲ್ಲ. ಅವನಿಗೆ ಬೇರೆ ಊರಿನಲ್ಲಿ ನೆಂಟರ ಮದುವೆಯಂತೆ, ಅಂಗಡಿ ಇನ್ನು ತೆಗೆಯುವುದು ಮುಂದಿನ ಸೋಮವಾರವಂತೆ. ಶಟರ್ ಎಳೆದು ಹೊರಟೇಬಿಟ್ಟ.

ಮಂಗಳವಾರ ನನಗೊಂದು ಉಪಾಯ ಹೊಳೆಯಿತು. ಎಂಜಿನ್ ಆರಿಸಿದರೆ ಸದ್ದಿಲ್ಲ ತಾನೆ? ಹಾಗಾದರೆ ಭಾನುವಾರ ಎಂಜಿನ್ ಆರಿಸಿಯೇ ಕೇಳಿದರಾಯಿತು! ಇಷ್ಟು ಸರಳವಾದದ್ದಕ್ಕೆ ಇಷ್ಟೆಲ್ಲ ಒದ್ದಾಡಿದೆನಲ್ಲ ಎಂದು ನಗುತ್ತ, ಪರೀಕ್ಷೆಗಾಗಿ ಗೇಟಿನ ಮುಂದೆ ಕಾರು ನಿಲ್ಲಿಸಿ, ಫೋನು ಜೇಬಿನಲ್ಲೇ ಇಟ್ಟುಕೊಂಡು, ರೇಡಿಯೋ ಹಚ್ಚಿ ಕೂತೆ. ಹದಿನೈದು ನಿಮಿಷ ಸ್ವರ್ಗ. ಹದಿನಾರನೆಯ ನಿಮಿಷಕ್ಕೆ ಪರದೆ ಮಂಕಾಯಿತು, ಹದಿನೇಳನೆಯದಕ್ಕೆ ಕಣ್ಣು ಮುಚ್ಚಿತು. ಕೀಲಿ ತಿರುಗಿಸಿದರೆ ಕಾರು 'ಟಕ್' ಎಂದು ಸುಮ್ಮನಾಯಿತು. ನಮ್ಮ ಹಳೆಯ ಬ್ಯಾಟರಿಯ ರಕ್ತವನ್ನೆಲ್ಲ ಆ ಅಗಲ ಮುಖದ ಯಂತ್ರ ಹೀರಿಬಿಟ್ಟಿತ್ತು. ಎದುರು ಮನೆಯ ಪೋಸ್ಟ್‌ಮಾಸ್ಟರರೂ ಅವರ ಅಳಿಯನೂ, ಒಬ್ಬರು ಹಿಂಬದಿಗೆ, ಇನ್ನೊಬ್ಬರು ಚಾವಣಿಯ ಆಂಟೆನಾದ ಬುಡಕ್ಕೆ ಕೈ ಕೊಟ್ಟು, ರಸ್ತೆಯ ತುದಿಯವರೆಗೆ ತಳ್ಳಿದ ಮೇಲೆ ಕಾರಿಗೆ ಜೀವ ಬಂತು. ಕಾರಿಗೆ ಬಂದಷ್ಟೇ ಕುಂಯ್‌ಗೂ ಬಂತು.

ಬುಧವಾರ ನನ್ನ ಭಾಮೈದ ಬಂದ. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವುದು ಅವನ ಕೆಲಸ. ಉಳಿದೆಲ್ಲ ವಿದ್ಯೆಗಳನ್ನೂ ಫೋನಿನಲ್ಲಿ ವಿಡಿಯೋ ನೋಡಿ ಕಲಿತಿದ್ದಾನೆ.

"ಭಾವ, ಇದು ಆಂಟೆನಾ ಪ್ರಾಬ್ಲಂ. ಬುಡ ಅಲ್ಲಾಡ್ತಿದೆ ನೋಡಿ. ನಾನು ಒತ್ತಿ ಹಿಡ್ಕೋತೀನಿ, ನೀವು ಕೇಳಿ."

ಕಾರಿನ ಬಾಗಿಲ ಹೊಸ್ತಿಲ ಮೇಲೆ ಹತ್ತಿ ನಿಂತು ಚಾವಣಿಯ ಮೇಲಿನ ಆಂಟೆನಾದ ಬುಡವನ್ನು ಒತ್ತಿದ. ಖರ್ರ್ ಅಷ್ಟೇ ಇತ್ತು, ಕುಂಯ್ ಅಷ್ಟೇ ಇತ್ತು. "ಆಂಟೆನಾ ಅಲ್ಲ ಬಿಡು, ಇಳಿ" ಎಂದೆ. ಅವನಿಗೆ ಬೇಜಾರಾಯಿತು.

ಗುರುವಾರ ನಾನೇ ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ ಕಪ್ಪು ವೈರನ್ನು ಪತ್ತೆ ಹಚ್ಚಿದೆ. ಬಣ್ಣ ಬಳಿದ ತಗಡಿನ ಮೇಲೆ ಒಂದು ಸ್ಕ್ರೂ ಹಾಕಿ ಅದನ್ನು ಬಿಗಿದಿದ್ದ, ಪುಣ್ಯಾತ್ಮ. ಆ ಸ್ಕ್ರೂ ಬಿಚ್ಚಿದೆ. ಅದು ಬೆರಳಿನಿಂದ ಜಾರಿ 'ಟಿಣ್ ಟಿಣ್ ಟಿಣ್' ಎಂದು ಮೂರು ಮೆಟ್ಟಿಲು ಇಳಿದು ಕಾರಿನ ಗರ್ಭದಲ್ಲಿ ಐಕ್ಯವಾಯಿತು. ಸರಿ, ವೈರಿನ ತುದಿಯನ್ನು ಬೆರಳಿನಿಂದಲೇ ಒಂದು ಬೋಳು ಕಬ್ಬಿಣದ ಮೇಲೆ ಒತ್ತಿ ಹಿಡಿದು ನೋಡಿದೆ. ಕುಂಯ್ ಸ್ವಲ್ಪ ಸಣ್ಣಗಾದಂತೆ ಅನ್ನಿಸಿತು. ಆದರೆ ಖರ್ರ್ ಇದ್ದೇ ಇತ್ತಲ್ಲ, ಹಾಗಾಗಿ ಸಣ್ಣಗಾಯಿತೋ, ನನ್ನ ಆಸೆಯೋ ತಿಳಿಯಲಿಲ್ಲ. ಹೆಂಡತಿಯನ್ನು ಕರೆದೆ.

"ಇಲ್ಲಿ ಕೂತ್ಕೋ. ಕುಂಯ್ ಕೇಳಿಸಿದ್ರೆ ಬಲಗೈ ಬೆರಳೆತ್ತು. ಖರ್ರ್ ಕೇಳಿಸಿದ್ರೆ ಎಡಗೈ."

"ಎರಡೂ ಕೇಳಿಸಿದ್ರೆ?"

"ಎರಡೂ ಎತ್ತು."

ಆಕೆ ಎರಡೂ ಕೈ ಎತ್ತಿ ಕೂತಳು. ಅದೇ ಹೊತ್ತಿಗೆ ಪೋಸ್ಟ್‌ಮಾಸ್ಟರರು ಹಾಲು ತರಲು ಹೊರಟಿದ್ದರು. ಕಾರಿನೊಳಗೆ ಕೈ ಮೇಲೆತ್ತಿ ಕೂತ ಹೆಂಗಸು, ಬಾಗಿಲಿನಿಂದ ಹೊರಗೆ ಚಾಚಿದ ಎರಡು ಕಾಲು. ನೋಡಿ, ಏನೂ ಕೇಳದೆ, ನಡಿಗೆ ಚುರುಕು ಮಾಡಿದರು.

"ರೀ, ಸಾಕು," ಎಂದಳು ಹೆಂಡತಿ. "ಪಕ್ಕದ ರೂಮಿಂದ ಕೂಗಿದ್ರೆ ನಿಮಗೆ ಕೇಳ್ಸಲ್ಲ. ಇದೊಂದು ಕುಂಯ್ ಮಾತ್ರ ಅಷ್ಟು ಚೆನ್ನಾಗಿ ಕೇಳಿಸುತ್ತಾ? ನಾನೇನು ಮಾತಾಡಿದೆ ಅಂತ ಮನೆಗೆ ಬಂದ್ಮೇಲೆ ನಾನೇ ಹೇಳ್ತೀನಿ. ಬಿಟ್ಬಿಡಿ."

ದನಿ ಸ್ವಲ್ಪ ಒದ್ದೆಯಾಗಿತ್ತು. ಹಳೆಯದನ್ನೇ ಮತ್ತೆ ಹಾಕಿಸೋಣವೆಂದರೆ, ಅದು ಶಟರ್ ಎಳೆದ ಅಂಗಡಿಯೊಳಗಿತ್ತು.

ಶನಿವಾರ ಸಂಜೆ ನನ್ನ ಅತ್ತೆಯವರು ಮಗಳ ಮಾತು ಕೇಳಲೆಂದು ಮಗನ ಜೊತೆ ಬಂದಿಳಿದರು. ರೇಡಿಯೋದ ಸ್ಥಿತಿ ಕೇಳಿ, "ನಾನೂ ಒಂದ್ಸಲ ನೋಡ್ತೀನಿ ಇರಿ" ಎಂದು ಮುಂದಿನ ಸೀಟಿನಲ್ಲಿ ಕೂತರು. ಎಂಜಿನ್ ಓಡುತ್ತಿತ್ತು. ನಾನು ಕೆಳಗೆ ಮಲಗಿ ಕಪ್ಪು ವೈರನ್ನು ಬೋಳು ಕಬ್ಬಿಣಕ್ಕೆ ಒತ್ತಿ ಹಿಡಿದೆ. ಭಾಮೈದ ಹಟ ಬಿಡದೆ ಹೊಸ್ತಿಲು ಹತ್ತಿ ಆಂಟೆನಾದ ಬುಡ ಒತ್ತಿದ. ಅತ್ತೆಯವರು, "ಇದೇನಿದು ಕಣ್ಣಿಗೆ ಚುಚ್ಚುತ್ತೆ, ನೀಲಿ ದೀಪ" ಎಂದು ಚಾರ್ಜರನ್ನು ಫೋನಿನ ಸಮೇತ ಕಿತ್ತು ಕೈಯಲ್ಲಿ ಹಿಡಿದುಕೊಂಡರು.

ರೇಡಿಯೋ ಗಂಗಾಳಕ್ಕೆ ಹನಿ ಬಿದ್ದಷ್ಟು ಸ್ವಚ್ಛವಾಗಿ, "ಈಗ ಸಮಯ ಆರು ಗಂಟೆ" ಎಂದಿತು.

ಮೂವರೂ ಒಟ್ಟಿಗೆ ಕೂಗಿದೆವು.

"ಅರ್ಥ್ ಆಯ್ತು!" ಎಂದೆ ನಾನು.

"ಆಂಟೆನಾ ಅಂತ ನಾನು ಬುಧವಾರಾನೇ ಹೇಳಿದ್ದೆ!" ಎಂದ ಭಾಮೈದ.

"ನಾನು ಕಿತ್ತಿದ್ದಕ್ಕೇ ಸರಿಹೋಯ್ತು," ಎಂದರು ಅತ್ತೆ.

ವಾದ ತೀರಿಸಲು ನಾನು ವೈರು ಬಿಟ್ಟೆ. ಕುಂಯ್. ಗೆದ್ದೆ ಎನ್ನುವಷ್ಟರಲ್ಲಿ ಭಾಮೈದ ಮೇಲಿನಿಂದ ಕೈ ತೆಗೆದ. ಸ್ಟೇಷನ್ನೇ ತೇಲಿಹೋಯಿತು. ಅತ್ತೆಯವರು ಚಾರ್ಜರನ್ನು ಸಿಕ್ಕಿಸಿದರು. ಖರ್ರ್. ಮೂರನ್ನೂ ಮತ್ತೆ ಮೊದಲಿನಂತೆ ಮಾಡಿದೆವು. ಸ್ವಚ್ಛ. ಇದರಿಂದ ಮೂವರೂ ಸರಿ ಎಂದು ತಾನೆ ಅರ್ಥ? ಆದರೆ ನಮ್ಮಲ್ಲಿ ಯಾರೂ ಅದನ್ನು ಒಪ್ಪಲು ತಯಾರಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ತಲೆ ಗಿರ್ರೆಂದಿತ್ತು. ಒಂದು ವಾರ ಒಂದೊಂದೇ ಕಳ್ಳನನ್ನು ಹಿಡಿದು, ಇವನಲ್ಲ ಎಂದು ಬಿಟ್ಟು ಕಳಿಸಿದ್ದೆ. ಮೂವರೂ ಸೇರಿ ಕದಿಯುತ್ತಿದ್ದರೆಂಬುದು ಯಾವ ಶ್ರವಣ ಪರೀಕ್ಷಕನಿಗೆ ಹೊಳೆಯಬೇಕು?

"ನಾಳೆ ಹನ್ನೊಂದು ಗಂಟೆಗೆ," ಎಂದು ನಾನು ಆಜ್ಞೆ ಮಾಡಿದೆ, "ಮೂವರೂ ಹೀಗೇ, ಇದೇ ಜಾಗದಲ್ಲಿ ಇರ್ಬೇಕು."

"ಆ ಚಾರ್ಜರನ್ನ ಕಿತ್ತು ಮನೆಯೊಳಗೆ ಇಟ್ರೆ ಸಾಲದಾ?" ಎಂದು ಕೇಳಿದಳು ಹೆಂಡತಿ. "ಅಮ್ಮ ಯಾಕೆ ಅದನ್ನ ಕೈಲಿ ಹಿಡ್ಕೊಂಡು ಕೂರ್ಬೇಕು?"

"ಸಾಲಬಹುದು. ಆದ್ರೆ ನಾಳೆ ಪ್ರಯೋಗ ಮಾಡೋ ದಿನ ಅಲ್ಲ."

ಭಾನುವಾರ ಬಂತು. ಹೆಂಡತಿ ಹತ್ತಕ್ಕೇ ಸ್ಕೂಟರ್ ಏರಿ ಸ್ಟೇಷನ್ನಿಗೆ ಹೊರಟಳು. ಹೋಗುವಾಗ ಹೆಲ್ಮೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡಿದ್ದಳು, ಅಷ್ಟು ಗಾಬರಿ. ನಾನು ಆಕೆಯ ಗೌರವಾರ್ಥ, ಆಕೆಯೇ ಹಿಂದಿನ ದಿನ ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಶರ್ಟು ತೊಟ್ಟು, ಹತ್ತೂವರೆಗೇ ಗೇಟಿನ ಮುಂದೆ ಎಂಜಿನ್ ಚಾಲೂ ಮಾಡಿ, ಸ್ಟೀರಿಂಗಿನ ಕೆಳಗೆ ಅಂಗಾತ ಮಲಗಿ ವೈರು ಹಿಡಿದೆ. ಕಾಲೆರಡೂ ರಸ್ತೆಯಲ್ಲಿ. ಅತ್ತೆಯವರು ಮುಂದಿನ ಸೀಟಿನಲ್ಲಿ ಮುಷ್ಟಿಯೊಳಗೆ ಚಾರ್ಜರ್ ಬಿಗಿಹಿಡಿದು ಕೂತರು. ಭಾಮೈದ ಚಾವಣಿಗೆ ಕೈ ಒತ್ತಿ ನಿಂತ. ಪೋಸ್ಟ್‌ಮಾಸ್ಟರರು ಬಂದವರು, "ಏನಪ್ಪಾ, ಗಾಳಿಗೆ ಕಾರು ಹಾರಿಹೋಗುತ್ತಾ?" ಎಂದು ಕೇಳಿದರಂತೆ. ನನಗೆ ಅವರ ಚಪ್ಪಲಿ ಮಾತ್ರ ಕಂಡಿತು.

ಸರಿಯಾಗಿ ಹನ್ನೊಂದಕ್ಕೆ ನಿರೂಪಕಿಯ ದನಿ ಕೇಳಿಬಂತು. "ಇವತ್ತು ನಮ್ಮ ಜೊತೆ ಇದ್ದಾರೆ, ಕಲೆಯಲ್ಲಿ ಇಪ್ಪತ್ತು ವರ್ಷದ ಅನುಭವ ಇರುವಂಥವರು!"

ಆಮೇಲೆ ನನ್ನಾಕೆಯ "ನಮಸ್ಕಾರ." ಅಬ್ಬಾ! ಬಾವಿಯಿಂದಲ್ಲ, ಬೆಟ್ಟದ ಮೇಲಿಂದ ಬಂದಂತಿತ್ತು. ಅತ್ತೆಯವರು ಮೂಗು ಸೀಟಿದರು. ನನ್ನ ಕಣ್ಣೂ ತುಂಬಿತು. (ಮುಖದ ಮೇಲೆ ಧೂಳು ಬೀಳುತ್ತಿದ್ದದ್ದೂ ಒಂದು ಕಾರಣ.)

ಮೊದಲ ಕರೆ ಬಂತು. ಒಬ್ಬ ತಂದೆ. "ಮೇಡಂ, ನಮ್ಮ ಹುಡುಗಿಗೆ ಆರು ವರ್ಷ. ಡ್ಯಾನ್ಸಿಗೆ ಈಗ್ಲೇ ಸೇರಿಸ್ಬಹುದಾ?"

ನಿರೂಪಕಿ ನಗುತ್ತ, ಇದು ಆ ಕಲೆ ಅಲ್ಲ, ಬಟ್ಟೆ ಮೇಲಿನ ಕಲೆ ಎಂದು ವಿವರಿಸಿದಳು. ಆತ "ಓ" ಎಂದು ಫೋನಿಟ್ಟ. ಆಮೇಲೆ ಕರೆಯೇ ಬರಲಿಲ್ಲ. ಒಂದು ಹಾಡು ಹಾಕಿದರು. ಹಾಡು ಮುಗಿಯಿತು. ಬರಲಿಲ್ಲ. ನಿರೂಪಕಿ ನಂಬರನ್ನು ಮೂರು ಸಲ ಓದಿದಳು.

"ಎಲ್ಲರ ಬಟ್ಟೆನೂ... ಚೆನ್ನಾಗಿದೆ ಅಂತ ಕಾಣುತ್ತೆ," ಎಂದಳು ನನ್ನಾಕೆ. ಆ ದನಿಯ ನಡುಕ ನನಗೆ ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ಖರ್ರ್ ಕುಂಯ್ ಎರಡೂ ಇದ್ದಿದ್ದರೆ ಒಳ್ಳೆಯದಿತ್ತು ಎನ್ನಿಸಿಬಿಟ್ಟಿತು.

"ಅಯ್ಯೋ, ಯಾರಾದ್ರೂ ಮಾಡ್ರಪ್ಪಾ," ಎಂದು ಅತ್ತೆಯವರು ಗಾಜಿನಾಚೆಗೆ ಊರನ್ನೇ ಬೇಡಿಕೊಂಡರು.

ಆಗ ಪೆಡಲಿನ ಸಂದಿಯಿಂದ ಒಂದು ಕಪ್ಪು ಗ್ರೀಸಿನ ಮುದ್ದೆ ಜಾರಿ ನನ್ನ ಬಿಳಿ ಶರ್ಟಿನ ಎದೆಯ ಮೇಲೆ ಪಚಕ್ಕನೆ ಬಿತ್ತು. ನೋಡಿ, ಪ್ರಶ್ನೆಯೇ ಮೇಲಿಂದ ಇಳಿದುಬಂದ ಮೇಲೆ ಕೇಳದಿರುವುದು ಹೇಗೆ? ಎಡಗೈಯಲ್ಲಿ ವೈರು ಹಿಡಿದು, ಬಲಗೈಯಲ್ಲಿ ಜೇಬಿನ ಫೋನು ತೆಗೆದು ನಂಬರು ಒತ್ತಿದೆ. ಗಂಡನೇ ಫೋನ್ ಮಾಡಿದನೆಂದು ತಿಳಿಯಬಾರದಲ್ಲ, ದನಿಯನ್ನು ಮೂಗಿಗೆ ಏರಿಸಿಕೊಂಡೆ.

"ಹಲೋ, ನಾನೊಬ್ಬ ಕೇಳುಗ."

"ಹೇಳಿ ಸರ್!" ನಿರೂಪಕಿಗೆ ಹೋದ ಜೀವ ಬಂದಂತಾಯಿತು. "ಎಲ್ಲಿಂದ ಮಾತಾಡ್ತಿದ್ದೀರಿ?"

"ಸ್ಟೀರಿಂಗ್ ಕೆಳಗಿಂದ," ಎಂದುಬಿಟ್ಟೆ. ನಿಜ ಹೇಳುವ ಚಾಳಿ ಅಷ್ಟು ಬೇಗ ಹೋಗುವುದಿಲ್ಲ. "ಅಂದ್ರೆ... ಬಿಳಿ ಶರ್ಟ್ ಮೇಲೆ ಕಪ್ಪು ಗ್ರೀಸ್..."

ನನ್ನ ದನಿ ಫೋನಿನಿಂದ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ನನ್ನ ತಲೆಯ ಪಕ್ಕದ ಸ್ಪೀಕರಿಗೆ ಬಂದು, ಮತ್ತೆ ಫೋನಿನೊಳಗೆ ನುಗ್ಗಿ, ಹೀಗೆ ಸುತ್ತಿ ಸುತ್ತಿ ಸುತ್ತಿ,

'ಕೂಂ... ಊಂ... ಯ್ಯ್ಯ್ಯ್!'

ಒಂದು ವಾರ ನನ್ನ ಕಾರಿನೊಳಗೆ ಮಾತ್ರ ಇದ್ದ ಕುಂಯ್, ಈಗ ಊರಿನ ಪ್ರತಿ ರೇಡಿಯೋದಿಂದ ಹೊರಟಿತು. ಎದುರು ಮನೆಯ ಅಡುಗೆಮನೆಯಿಂದಲೂ ಅದು ಕೇಳಿಸಿತು. ಅಲ್ಲಿ ಒಂದು ಪಾತ್ರೆ ಬಿದ್ದದ್ದೂ ಕೇಳಿಸಿತು.

"ಸರ್, ನಿಮ್ಮ ರೇಡಿಯೋ ಸೌಂಡ್ ಕಮ್ಮಿ ಮಾಡಿ ಸರ್!"

ಹೇಗೆ ಮಾಡಲಿ? ಒಂದು ಕೈಯಲ್ಲಿ ವೈರು, ಇನ್ನೊಂದರಲ್ಲಿ ಫೋನು. ಕಣ್ಣಿನಿಂದ ಅತ್ತೆಯವರಿಗೆ ಸನ್ನೆ ಮಾಡಿದೆ. ಅವರು ಗಾಬರಿಯಿಂದ ಚಾರ್ಜರಿನ ಮೂತಿಯಿಂದಲೇ ಪರದೆಯನ್ನು ಒತ್ತಿದರು. ಸದ್ದು ಕಡಿಮೆಯಾಗುವ ಬದಲು ಗಾಜುಗಳು ನಡುಗುವಷ್ಟು ಏರಿತು. ಅವರು ಇನ್ನೊಮ್ಮೆ ಒತ್ತಲು ಕೈ ಎತ್ತಿದರು.

"ಅತ್ತೇ, ಬೇಡಾ! ಮುಟ್ಬೇಡಿ, ಅತ್ತೇ!"

ಮೂಗು ಮರೆತುಹೋಗಿತ್ತು. ನನ್ನ ಸ್ವಂತ, ಅಸಲಿ, ಇಪ್ಪತ್ತೆರಡು ವರ್ಷದ ದಾಂಪತ್ಯದ ದನಿ.

"ಅಮ್ಮಂಗೆ ಕರೆಂಟ್ ಹೊಡೀತಾ?" ಎಂದು ಭಾಮೈದ ಮೇಲಿನಿಂದ ಹಾರಿ, ನನ್ನ ಹೊಟ್ಟೆಯ ಮೇಲೆ ಬಾಗಿ, ಕೀಲಿಯನ್ನು ಕಿತ್ತೇಬಿಟ್ಟ. ಎಂಜಿನ್, ರೇಡಿಯೋ, ಕುಂಯ್, ಎಲ್ಲ ಒಮ್ಮೆಗೇ ಸ್ತಬ್ಧ. ಆ ಮೌನದಲ್ಲಿ ಫೋನಿನೊಳಗಿಂದ ಹೆಂಡತಿಯ ದನಿ ಬಂತು.

"ರೀ? ನೀವಾ?"

"ಅಲ್ಲ," ಎಂದೆ, ಮತ್ತೆ ಮೂಗಿನಿಂದ.

"ಯಾವ ಶರ್ಟು?"

"ಬಿಳೀದು."

"ನಾನು ನಿನ್ನೆ ಇಸ್ತ್ರಿ ಮಾಡಿಟ್ಟಿದ್ದು?"

"ಕೇಳುಗರಿಗೆ ಅದೆಲ್ಲ ಹೇಗೆ ಗೊತ್ತಾಗ್ಬೇಕು ಮೇಡಂ?"

ಸ್ಟುಡಿಯೋದಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನ್ನಾಕೆ ನಗಲಿಲ್ಲ. ಕೌಂಟರಿನ ಹಿಂದಿನ ಹುಲಿ ಎದ್ದು ನಿಂತಿತ್ತು.

"ಸರಿ. ಕೇಳುಗರೇ, ಎಲ್ರೂ ಕೇಳಿಸ್ಕೊಳ್ಳಿ. ಇಂಥ ಗಂಡಸರು ಎಲ್ಲರ ಮನೇಲೂ ಇರ್ತಾರೆ. ಗ್ರೀಸ್ ಮೇಲೆ ನೀರು ಹಾಕ್ಬಾರ್ದು. ಉಜ್ಜಬಾರ್ದು. ಈಗ ಉಜ್ಜೋದಕ್ಕೆ ಕೈ ಎತ್ತಿದ್ದೀರಿ ತಾನೆ, ಇಳಿಸಿ."

ನಾನು ಕೈ ಇಳಿಸಿದೆ.

"ಚಮಚದ ಅಂಚಲ್ಲಿ ಮೆಲ್ಲಗೆ ಹೆರೆದು ತೆಗೀರಿ. ಪೌಡರ್ ಉದುರಿಸಿ, ಅರ್ಧ ಗಂಟೆ ಬಿಡಿ, ಎಣ್ಣೆ ಹೀರ್ಕೊಳ್ಲಿ. ಆಮೇಲೆ ಪಾತ್ರೆ ತೊಳೆಯೋ ಸೋಪು ಹಚ್ಚಿ ನೆನೆಸಿ. ಮತ್ತೆ ನಮ್ಮಮ್ಮ ಹೇಗಿದ್ದಾರೆ?"

"ಸರಿಹೋಗ್ತಾರೆ," ಎಂದೆ. ಫೋನು ಕಟ್ಟಾಯಿತು.

ಉಳಿದದ್ದನ್ನು ನಾವು ಕೇಳಲೇ ಇಲ್ಲ. ಮತ್ತೆ ಎಂಜಿನ್ ಚಾಲೂ ಮಾಡಿದಾಗ ಆ ಮಹಾಯಂತ್ರ ತಾನು ಈಗಷ್ಟೇ ಹುಟ್ಟಿದೆನೆಂಬಂತೆ, ಯಾವ ಭಾಷೆ ಬೇಕೆಂದು ಕೇಳಿತು. ಭಾಮೈದ ಅವಸರದಲ್ಲಿ ಏನನ್ನೋ ಒತ್ತಿದ. ಆಮೇಲೆ ಪರದೆಯ ತುಂಬ ಬಂದದ್ದು, ನಾವು ಮೂವರೂ ಹುಟ್ಟಿದಂದಿನಿಂದ ಕಂಡಿರದ ಅಕ್ಷರ. ರೇಡಿಯೋ ಎಲ್ಲಿದೆ, ವಾಪಸ್ ಹೋಗುವುದು ಎಲ್ಲಿಂದ, ಒಂದೂ ತಿಳಿಯದು. ಒಂದು ಗುಂಡಿ ಒತ್ತಿದರೆ ಗಡಿಯಾರ, ಇನ್ನೊಂದು ಒತ್ತಿದರೆ ಯಾವುದೋ ಹಕ್ಕಿಯ ಚಿತ್ರ. ಅತ್ತೆಯವರು ಈಗ ಚಾರ್ಜರ್ ಹಿಡಿಯಲು ಖಡಾಖಂಡಿತ ಒಪ್ಪಲಿಲ್ಲ. "ಊರೆಲ್ಲ ನನ್ನ ಮಗಳ ಮಾತು ಕೇಳ್ತಿದೆ. ಹೆತ್ತವಳು ನಾನು ಹಕ್ಕಿ ನೋಡ್ಕೊಂಡು ಕೂತಿದ್ದೀನಿ," ಎಂದು ಅವರು ಪರದೆಗೆ ಬೆನ್ನು ತಿರುಗಿಸಿ ಕೂತರು. ನಮ್ಮ ಭಾಷೆ ಸಿಕ್ಕಿ, ಸ್ಟೇಷನ್ ಸಿಕ್ಕಿ, ಮೂವರೂ ಮತ್ತೆ ಯಥಾಸ್ಥಾನಕ್ಕೆ ಬಂದಾಗ, ರೇಡಿಯೋ ಬಲು ಸ್ವಚ್ಛವಾಗಿ ತರಕಾರಿಯ ಧಾರಣೆ ಹೇಳುತ್ತಿತ್ತು.

ಒಂದು ಗಂಟೆಯ ಹೊತ್ತಿಗೆ ಸ್ಕೂಟರಿನ ಸದ್ದಾಯಿತು. ನಾನು ಎದೆಯ ಮೇಲೆ ಪೌಡರ್ ಸುರಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಹೆಲ್ಮೆಟ್ಟು ನೆಟ್ಟಗಿತ್ತು, ಮುಖ ಹೊಳೆಯುತ್ತಿತ್ತು.

"ನೀವು ಫೋನ್ ಇಟ್ರಿ ನೋಡಿ, ಲೈನ್ ಬಿಡುವೇ ಇಲ್ಲ ಕಣ್ರೀ! ಕಾಲು ಗಂಟೆ ಜಾಸ್ತಿ ಕೊಟ್ರು. ಎಲ್ಲಾ ಹೆಂಗಸರೂ, ನಮ್ಮನೆಯವರು ಹೀಗೆ ಕಲೆ ಮಾಡ್ಕೊಂಡಿದ್ದಾರೆ, ಹಾಗೆ ಮಾಡ್ಕೊಂಡಿದ್ದಾರೆ ಅಂತ. ಸುಮಾರು ಜನ ಏನೂ ಕೇಳ್ಲಿಲ್ಲ. ಸ್ಟೀರಿಂಗ್ ಕೆಳಗಿದ್ದೋರು ಆಚೆ ಬಂದ್ರಾ ಅಂತ ವಿಚಾರಿಸೋಕೆ ಮಾಡಿದ್ರು. ತಿಂಗಳಿಗೊಂದ್ಸಲ ಬನ್ನಿ ಅಂದಿದ್ದಾರೆ!"

ಒಳಗೆ ಹೋಗುವಾಗ ಪಕ್ಕದಲ್ಲಿ ನಿಂತು, ಬೇರೆ ಯಾರಿಗೂ ಕೇಳದಂತೆ, "ಆ ಕುಂಯ್ ಕೇಳಿದ ಕೂಡ್ಲೇ ನೀವೇ ಅಂತ ಗೊತ್ತಾಯ್ತು. ಭಯ ಎಲ್ಲ ಹೋಯ್ತು" ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಕೇಳಿದ ಪ್ರೀತಿಯ ಮಾತುಗಳಲ್ಲಿ ಇದನ್ನು ಎಷ್ಟನೆಯದಾಗಿ ಇಡಬೇಕೋ ನನಗೆ ಇನ್ನೂ ತಿಳಿದಿಲ್ಲ.

ಅಲ್ಲಿಗೇ ಮುಗಿದಿದ್ದರೆ ನಾನಿದನ್ನು ನಿಮ್ಮ ಮುಂದೆ ತೋಡಿಕೊಳ್ಳಬೇಕಾಗಿರಲಿಲ್ಲ. ಸ್ಟೇಷನ್ನಿನವರು ಇಡೀ ಕಾರ್ಯಕ್ರಮವನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟಿದ್ದರು. ಕಾರಿನಲ್ಲಿ ಹಾಕಿದರೆ ವೈರೂ ಹಿಡಿಯಬೇಕಿಲ್ಲ, ಆಂಟೆನಾವೂ ಬೇಕಿಲ್ಲ, ಏನೂ ಬೇಕಿಲ್ಲ. ನಾಲ್ವರೂ ಕೂತು ಕೇಳಿದೆವು. ಅತ್ತೆಯವರು ಮಗಳ ಮಾತನ್ನು ಒಮ್ಮೆ ಕೇಳಿದರು. ಅವರಿಗೆ ಸಂಬಂಧಪಟ್ಟ ಭಾಗವನ್ನು ನಾಲ್ಕು ಸಲ ಹಾಕಿಸಿಕೊಂಡರು. ಭಾಮೈದ ಅಷ್ಟನ್ನೇ ಕತ್ತರಿಸಿ ಅಕ್ಕನ ಫೋನಿಗೆ ಇಳಿಸಿದ. ಈಗ ನಾನು ಲಾಂಡ್ರಿಗೆ ಫೋನ್ ಮಾಡಿದಾಗಲೆಲ್ಲ, ಅಲ್ಲಿ ಕೌಂಟರಿನ ಮೇಲೆ, ತುಂಬಿದ ಗಿರಾಕಿಗಳ ನಡುವೆ, "ಅತ್ತೇ, ಬೇಡಾ! ಮುಟ್ಬೇಡಿ, ಅತ್ತೇ!" ಎಂದು ನನ್ನದೇ ದನಿ ಕೂಗಿಕೊಳ್ಳುತ್ತದೆ. ಖರ್ರ್ ಇಲ್ಲ, ಕುಂಯ್ ಇಲ್ಲ. ಒಂದೊಂದು ಅಕ್ಷರವೂ ಸ್ಪಷ್ಟ.